ಕೈಯಳತೆ

ಬಿಸ್ಕತ್ತು ಮುರಿದ ಸದ್ದು ಮೇಷ್ಟ್ರಿಗೆ ಹಿಡಿಸಲಿಲ್ಲ. ಒಂದು ತುಂಡನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಮುರಿದರು, ತಲೆಯಾಡಿಸಿದರು, ಇಡೀ ಟ್ರೇಯನ್ನು ಮತ್ತೆ ಒವನ್ನಿನೊಳಕ್ಕೆ ತಳ್ಳಿ ಬಾಗಿಲು ಹಾಕಿದರು.

"ಲಟಕ್ ಅನ್ನಬೇಕು. ಇದು ಪುಸಕ್ ಅಂತು."

"ತಿನ್ನೋದು ನಾಯಿ ರೀ," ಎಂದಳು ಹೆಂಡತಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಲ್ಲಿಸದೆ. "ಅದಕ್ಕೆ ಲಟಕ್ಕೂ ಅಷ್ಟೇ, ಪುಸಕ್ಕೂ ಅಷ್ಟೇ."

"ನಾಯಿಗೆ ಕಿವಿ ಇಲ್ವಾ? ನಿನ್ನದಕ್ಕಿಂತ ಚುರುಕಾಗಿದೆ."

ನಾಯಿ ಅಡುಗೆಮನೆಯ ಹೊಸ್ತಿಲಿಗೆ ಗಲ್ಲ ಊರಿ ಮಲಗಿತ್ತು. ತನ್ನ ವಿಷಯ ಬಂತೆಂದು ತಿಳಿದು ಬಾಲವನ್ನು ಒಂದು ಸಲ ನೆಲಕ್ಕೆ ಬಡಿಯಿತು. ಅಷ್ಟು ಶ್ರಮಕ್ಕೇ ಕೆಮ್ಮು ಬಂತು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೇಕರಿಯಲ್ಲಿ ಭಟ್ಟಿಯ ಮುಂದೆ ನಿಲ್ಲುವವನನ್ನು ಮೇಷ್ಟ್ರು ಎನ್ನುವುದು ರೂಢಿ. ಯಜಮಾನನ ಮಕ್ಕಳಿಗೆ ಹಿಟ್ಟಿನ ಧೂಳು ಆಗಿಬರದೆ ಬೇಕರಿ ಮುಚ್ಚಿತು, ಭಟ್ಟಿ ಇದ್ದ ಜಾಗದಲ್ಲಿ ಕನ್ನಡಕದ ಅಂಗಡಿ ಬಂತು. ಆದರೂ ಬೀದಿಯವರು ಆ ಹೆಸರನ್ನು ವಾಪಸು ಕೇಳಲಿಲ್ಲ. ಹೆಂಡತಿಗೆ ಟೈಲರಮ್ಮ ಎಂದು ಹೆಸರು. ಹೊಸ ಬಟ್ಟೆ ಹೊಲಿಯುವುದನ್ನು ಬಿಟ್ಟು, ಪ್ಯಾಂಟಿನ ಕಾಲು ಮಡಿಸುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು ಇಷ್ಟನ್ನೇ ಇಟ್ಟುಕೊಂಡಿದ್ದಳು. ಬೀದಿಯಲ್ಲಿ ಯಾರ ಹೊಟ್ಟೆ ಬಂತು, ಯಾರದು ಇಳಿಯಿತು ಎಂಬುದು ಅವರವರ ಮನೆಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ನಾಯಿಯ ಹೆಸರು ರಸ್ಕು. ಬೇಕರಿಯ ಹಿಂದೆ ಸಿಕ್ಕಿದಾಗ ಒಣಗಿ ಹಾಗೇ ಇತ್ತು. ಈಗ ಮೈಗೂ ಹೆಸರಿಗೂ ಸಂಬಂಧ ಉಳಿದಿರಲಿಲ್ಲ.

ಬೇಕರಿ ಮುಚ್ಚಿದ ಮೇಲೆ ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಗೆ ಸೇರಿಕೊಂಡಿದ್ದರು. ಪೇಪರನ್ನು ಹವಾಮಾನದಿಂದ ನಿಧನವಾರ್ತೆಯವರೆಗೆ ಓದಿ, ಮಧ್ಯಾಹ್ನದ ಮೇಲೆ ನಿಧನವಾರ್ತೆಯಿಂದ ಹವಾಮಾನದವರೆಗೆ ಓದುತ್ತಿದ್ದರು. ಮಾತನಾಡಿಸಿದರೆ ಒಂದು ಹೂಂ. ಟೈಲರಮ್ಮನಿಗೆ ಆ ಹೂಂ ಕೇಳಿ ಕೇಳಿ ಹೆದರಿಕೆಯಾಗುತ್ತಿತ್ತು. ಹೀಗಿರುವಾಗ ರಸ್ಕುವಿಗೆ ಕೆಮ್ಮು ಶುರುವಾಯಿತು, ಇಬ್ಬರೂ ಅದನ್ನು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು.

"ಹೃದಯ ದೊಡ್ಡದಾಗಿದೆ," ಎಂದಿದ್ದರು ಡಾಕ್ಟರಮ್ಮ.

"ಅದು ಮೊದಲಿಂದಲೂ ಹಾಗೇ. ಕಳ್ಳ ಬಂದ್ರೂ ಬಾಲ ಅಲ್ಲಾಡಿಸುತ್ತೆ," ಎಂದರು ಮೇಷ್ಟ್ರು.

ಡಾಕ್ಟರಮ್ಮ ನಗಲಿಲ್ಲ. "ಅಂಗಡಿ ಬಿಸ್ಕತ್ತು ಪೂರ್ತಿ ಬಿಟ್ಟುಬಿಡಿ. ಉಪ್ಪು ಅಂದ್ರೆ ಇವನಿಗೆ ವಿಷ ಅಂತಲೇ ತಿಳ್ಕೊಳ್ಳಿ. ಮೈಯಲ್ಲಿ ನೀರು ತುಂಬುತ್ತೆ. ಏನಾದ್ರೂ ಕೊಡಲೇಬೇಕು ಅನ್ನಿಸಿದ್ರೆ ಮನೆಯಲ್ಲೇ ಮಾಡಿಕೊಡಿ, ಒಂದು ಹರಳು ಉಪ್ಪೂ ಇಲ್ಲದ ಹಾಗೆ."

ಮನೆಯಲ್ಲೇ ಮಾಡಿ ಎಂದದ್ದೇ ಸಾಕಾಯಿತು. ಕ್ಲಿನಿಕ್ಕಿನಿಂದ ಬರುವ ದಾರಿಯಲ್ಲೇ ಮೇಷ್ಟ್ರು ಗೋಧಿಹಿಟ್ಟು, ಓಟ್ಸ್, ಸಿಹಿಗುಂಬಳ, ಕೋಳಿಯ ಲಿವರು ಕೊಂಡರು. ಟ್ರಂಕಿನ ತಳದಿಂದ ಏಪ್ರನ್ ಹೊರಬಂತು. ಲಿವರನ್ನು ಬೇಯಿಸಿ ನುಣ್ಣಗೆ ಅರೆದು, ಕುಂಬಳದ ಜೊತೆ ಹಿಟ್ಟಿಗೆ ಸೇರಿಸಿ, ಮೊಟ್ಟೆ ಒಡೆದು ಹಾಕಿ, ನಾದಿ ಲಟ್ಟಿಸಿ ಸಣ್ಣ ಚೌಕಗಳಾಗಿ ಕೊಯ್ದರು. ಮೂಳೆಯ ಆಕಾರದಲ್ಲಿ ಮಾಡಬಹುದಲ್ಲ ಎಂದು ಹೆಂಡತಿ ಕೇಳಿದ್ದಕ್ಕೆ, "ಮೂಳೆ ತೋರಿಸಿ ಹಿಟ್ಟು ಕೊಡೋದು ಮೋಸ" ಎಂದರು. ಬೇಕರಿಯ ನಿಯಮವೂ ಮನೆಗೆ ಬಂತು: ಭಟ್ಟಿಯಿಂದ ಇಳಿದದ್ದು ಮೇಷ್ಟ್ರ ಬಾಯಿಗೆ ಹೋಗದೆ ಹೊರಗೆ ಹೋಗುವಂತಿಲ್ಲ. ಪ್ರತಿ ಟ್ರೇಯಿಂದಲೂ ಒಂದನ್ನು ಮುರಿದು, ಸದ್ದು ಕೇಳಿ, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು, "ಭೇಷ್" ಎನ್ನುತ್ತಿದ್ದರು. ನಾಯಿಯ ತಿಂಡಿಯನ್ನು ಗಂಡ ತಿನ್ನುವುದನ್ನು ನೋಡಿ ಟೈಲರಮ್ಮ ಮೊದಲ ದಿನ ನಕ್ಕಳು. ಆಮೇಲೆ ಮನೆಯಲ್ಲಿ ಮತ್ತೆ ಮಾತು ಹುಟ್ಟಿದ್ದಕ್ಕೆ ಸಮಾಧಾನಪಟ್ಟು ಸುಮ್ಮನಾದಳು.

ರಸ್ಕುವಿಗೆ ಮಾತ್ರ ಗುಣವಾಗಲಿಲ್ಲ. ಬಿಸ್ಕತ್ತನ್ನು ಅದು ಆಸೆಪಟ್ಟು ತಿನ್ನುತ್ತಿತ್ತು, ತಿಂದು ಬೋಗುಣಿಯ ನೀರನ್ನೆಲ್ಲ ಕುಡಿಯುತ್ತಿತ್ತು, ಕುಡಿದು ಕೆಮ್ಮುತ್ತಿತ್ತು. ವಾಕಿಂಗಿಗೆಂದು ಹೊಲಿದುಕೊಟ್ಟಿದ್ದ ಎದೆಪಟ್ಟಿಯನ್ನು ಟೈಲರಮ್ಮ ಎರಡು ಸಲ ಬಿಚ್ಚಿ ಅಗಲ ಮಾಡಬೇಕಾಯಿತು. ಎರಡನೆಯ ಸಲ ಹೊಲಿಗೆ ಹಾಕುವಾಗ ಇದು ಕೊಬ್ಬಲ್ಲ ಎಂದು ಅವಳ ಬೆರಳಿಗೇ ಗೊತ್ತಾಯಿತು.

ಡಾಕ್ಟರಮ್ಮ ಹೊಟ್ಟೆಯನ್ನು ಒತ್ತಿ ನೋಡಿ ಕೈ ತೊಳೆದುಕೊಂಡರು. "ಎಲ್ಲಿಂದಲೋ ಉಪ್ಪು ಹೋಗ್ತಿದೆ. ಯಾರೋ ಕೊಡ್ತಿದ್ದಾರೆ."

"ನನ್ನ ಕೈಯಿಂದ ಹೋಗಿಲ್ಲ," ಎಂದರು ಮೇಷ್ಟ್ರು.

"ಯಾರ ಕೈಯಿಂದ ಅಂತ ನಾನು ಕೇಳ್ತಿಲ್ಲ. ಹೀಗೇ ಆದ್ರೆ ಈ ಚಳಿಗಾಲ ದಾಟಲ್ಲ. ಅಷ್ಟು ಹೇಳ್ತಿದ್ದೀನಿ."

ಮೇಷ್ಟ್ರು ಮನೆಗೆ ಬಂದು ಎದೆಪಟ್ಟಿ ಬಿಚ್ಚುತ್ತ, "ಗೊತ್ತಾಯ್ತು ಬಿಡು," ಎಂದರು.

ಗೊತ್ತಾದದ್ದು ಮೀಟರಣ್ಣನ ವಿಷಯ. ಮೀಟರಣ್ಣ ಮೇಲಿನ ಮನೆಯವರು. ಮನೆಮನೆಗೆ ಹೋಗಿ ವಿದ್ಯುತ್ತಿನ ಮೀಟರು ಓದಿ ನಿವೃತ್ತರಾದವರು, ಒಂಟಿ. ಸಂಜೆಯಾದರೆ ಇಸ್ಪೀಟಿನ ಕಟ್ಟನ್ನೂ ಉಪ್ಪು ಹಚ್ಚಿ ಹುರಿದ ಕಡಲೆಕಾಯಿಯ ಪೊಟ್ಟಣವನ್ನೂ ಹಿಡಿದು ಇಳಿದು ಬರುತ್ತಿದ್ದರು. ಆ ಪೊಟ್ಟಣವೇ ಈಗ ಸಾಕ್ಷಿಯಾಯಿತು. ಅಂದು ಸಂಜೆ ಅವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಮೇಷ್ಟ್ರು ಕೇಳಿದರು:

"ನಾಯಿಗೆ ಎಷ್ಟು ದಿನದಿಂದ ಹಾಕ್ತಿದ್ದೀಯ ಇದನ್ನ?"

ಮೀಟರಣ್ಣನಿಗೆ ಪ್ರಶ್ನೆಗಿಂತ ಮೊದಲು ಕಿವಿಗೆ ಬಿದ್ದದ್ದು 'ಹಾಕ್ತಿದ್ದೀಯ' ಎಂಬುದು. ಇಷ್ಟು ವರ್ಷ ಇಬ್ಬರ ನಡುವೆ ನೀವು ಎಂಬುದಕ್ಕಿಂತ ಕೆಳಗೆ ಮಾತು ಇಳಿದಿರಲಿಲ್ಲ.

"ಏನನ್ನ?"

"ಕಡಲೆಕಾಯಿ. ಮೇಜಿನ ಕೆಳಗೆ. ನಾನು ಎಲೆ ನೋಡ್ತಾ ಇರ್ತೀನಲ್ಲ, ಆವಾಗ."

"ಮೇಷ್ಟ್ರೇ," ಎಂದರು ಮೀಟರಣ್ಣ. "ಊರಿನ ಮನೆಮನೆ ನಾಯಿಗಳೂ ನನ್ನ ಕಾಲಿನ ರುಚಿ ನೋಡಿವೆ. ಕಚ್ಚದೇ ಇರೋದು ಅಂತ ಸಿಕ್ಕಿದ್ದು ಇದೊಂದೇ. ಇದಕ್ಕೆ ನಾನು ವಿಷ ಹಾಕ್ತೀನಾ?"

"ವಿಷ ಅಂತ ನಾನಂದ್ನಾ? ನಿನ್ನ ಬಾಯಿಂದಲೇ ಬಂತು ನೋಡು."

ಮೀಟರಣ್ಣ ಟೈಲರಮ್ಮನ ಕಡೆ ನೋಡಿದರು. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕಣ್ಣು ಕಿರಿದು ಮಾಡಿಕೊಂಡಳು. ಅವರು ಎಲೆಗಳನ್ನು ಒಟ್ಟುಮಾಡಿ ರಬ್ಬರು ಸುತ್ತಿ, ಪೊಟ್ಟಣವನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಅವರು ಒಂದೊಂದೇ ಮೆಟ್ಟಿಲು ಏರುವ ಸದ್ದು ಕೇಳುತ್ತ ರಸ್ಕು ಬಾಗಿಲವರೆಗೆ ಹೋಗಿ ಮುಚ್ಚಿದ ಬಾಗಿಲನ್ನು ಮೂಸಿ ಬಂತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಹಿಟ್ಟಿಗೆ ಕೈ ಹಾಕಿದಾಗ ಆ ಸಿಟ್ಟು ಇನ್ನೂ ಆರಿರಲಿಲ್ಲ. ಟೈಲರಮ್ಮ ಅಡುಗೆಮನೆಯ ಬಾಗಿಲ ಬೆಳಕಿಗೆ ಕುರ್ಚಿ ಎಳೆದುಕೊಂಡು ಯಾರದೋ ಕೋಟಿನ ಗುಂಡಿ ಹಚ್ಚುತ್ತಿದ್ದಳು.

"ನಂಬಿಕೆ ಅನ್ನೋದು ನೋಡು," ಮೇಷ್ಟ್ರು ನಾದುತ್ತ ಹೇಳಿದರು, "ಪಕ್ಕದಲ್ಲೇ ಕೂತು, ನಮ್ಮ ಚಹಾ ಕುಡಿದು..." ಬಲಗೈ ಹಿಟ್ಟಿನಿಂದ ಎದ್ದಿತು. "...ನಮ್ಮ ಇಸ್ಪೀಟಲ್ಲಿ ಗೆದ್ದು..." ಕೈ ಶೆಲ್ಫಿನ ಮೂಲೆಯಲ್ಲಿದ್ದ ಪಿಂಗಾಣಿ ಜಾಡಿಯ ಹತ್ತಿರ ಹೋಯಿತು, ಕಿರುಬೆರಳು ಮುಚ್ಚಳ ಸರಿಸಿತು, ಉಳಿದ ಬೆರಳುಗಳು ಒಳಗಿಳಿದು ಒಂದು ಚಿಟಿಕೆ ಎತ್ತಿ, ತೂಗುವ ಹಾಗೆ ಒಂದು ಸಲ ಅಲುಗಿಸಿ, ಸ್ವಲ್ಪ ವಾಪಸು ಉದುರಿಸಿ, ಮಿಕ್ಕದ್ದನ್ನು ಹಿಟ್ಟಿನ ಮೇಲೆ ಹರಡಿದವು. ಕಿರುಬೆರಳು ಮುಚ್ಚಳ ಎಳೆಯಿತು. "...ಆ ಮೂಕಪ್ರಾಣಿಯ ಮೇಲೆ ಸೇಡು ತೀರಿಸ್ಕೊಳ್ಳೋದಾ? ಏನು ಸೇಡು? ಯಾವುದಕ್ಕೆ?"

ಟೈಲರಮ್ಮನ ಸೂಜಿ ನಿಂತಿತು. ಕಂಡದ್ದು ಹೌದೋ ಅಲ್ಲವೋ ಎಂದು ಅವಳು ಶೆಲ್ಫಿನ ಕಡೆ ನೋಡಿದಳು. ಜಾಡಿ ಇದ್ದಲ್ಲೇ ಇತ್ತು. ಮೇಷ್ಟ್ರ ಕಣ್ಣು ಹಿಟ್ಟಿನ ಮೇಲಿತ್ತು, ಮನಸ್ಸು ಮೀಟರಣ್ಣನ ಮೇಲಿತ್ತು, ಕೈ ಮಾತ್ರ ಎರಡನ್ನೂ ಕೇಳದೆ ತನ್ನ ಕೆಲಸ ಮುಗಿಸಿ ವಾಪಸು ಬಂದಿತ್ತು. ಜೀವಮಾನವಿಡೀ ನಾದಿದ ಕೈ. ಹಿಟ್ಟು ಆ ಹದಕ್ಕೆ ಬಂದರೆ ಉಪ್ಪು ಬೀಳಲೇಬೇಕು ಎಂದು ಅದಕ್ಕೆ ಗೊತ್ತು. ನಾಯಿಯ ಹೃದಯದ ವಿಷಯ ಅದಕ್ಕೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಬಚ್ಚಲಿಗೆ ಹೋದಾಗ ಅವಳು ಡಬ್ಬಿ ತೆರೆದು ಹಿಂದಿನ ವಾರದ ಒಂದು ಬಿಸ್ಕತ್ತನ್ನು ಬಾಯಿಗಿಟ್ಟಳು. ನಾಯಿಯ ಬಿಸ್ಕತ್ತನ್ನು ಅವಳು ತಿಂದದ್ದು ಅದೇ ಮೊದಲು. ಅದು ಚೆನ್ನಾಗಿತ್ತು. ಲಿವರಿನ ಕಂಪು, ಕುಂಬಳದ ತೆಳ್ಳನೆಯ ಸಿಹಿ, ಕೊನೆಗೆ ನಾಲಿಗೆಯ ಅಂಚಿಗೆ ಬಂದು ಎಲ್ಲವನ್ನೂ ಒಂದುಮಾಡುವ ಉಪ್ಪು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವಳ ಕೈ ತಾನಾಗಿ ಎರಡನೆಯದಕ್ಕೆ ಹೋಯಿತು. ಆಗ ಅವಳಿಗೆ ನಿಜವಾಗಿ ದಿಗಿಲಾಯಿತು.

ಏಕೆಂದರೆ ಪ್ರತಿ ಟ್ರೇಯಿಂದಲೂ ಒಂದನ್ನು ಅವರು ತಿಂದಿದ್ದರು. ಕಣ್ಣು ಮುಚ್ಚಿ ಅಗಿದು ಭೇಷ್ ಎಂದಿದ್ದರು.

ಕೈ ಮರೆತದ್ದನ್ನು ನಾಲಿಗೆ ಯಾಕೆ ಹೇಳಲಿಲ್ಲ? ಟೈಲರಮ್ಮ ಡಬ್ಬಿಯ ಬಿಸ್ಕತ್ತುಗಳನ್ನೆಲ್ಲ ಚಿಂದಿಬಟ್ಟೆಯ ಚೀಲಕ್ಕೆ ಸುರಿದು ಅದರ ಮೇಲೆ ಕುಳಿತುಕೊಂಡು ಹಿಂದಿನದನ್ನೆಲ್ಲ ಬಿಚ್ಚತೊಡಗಿದಳು, ಹಳೆಯ ಹೊಲಿಗೆ ಬಿಚ್ಚಿದ ಹಾಗೆ. ಒಮ್ಮೆ ಚಹಾಕ್ಕೆ ಸಕ್ಕರೆ ಹಾಕಲು ಮರೆತಿದ್ದಳು. ಅವರು ತುಟಿಪಿಟಕ್ಕೆನ್ನದೆ ಕುಡಿದಿದ್ದರು, ಅವಳು ಅದನ್ನು ಪ್ರೀತಿ ಎಂದುಕೊಂಡಿದ್ದಳು. ಒಮ್ಮೆ ತಳ ಹಿಡಿದ ಆಲೂಗಡ್ಡೆಯನ್ನು ಎರಡು ಸಲ ಬಡಿಸಿಕೊಂಡಿದ್ದರು. ಅದನ್ನು ಹಸಿವು ಎಂದುಕೊಂಡಿದ್ದಳು. ಎಂದಿನಿಂದ ಈ ಮನುಷ್ಯನಿಗೆ ತಾನು ಮಾಡಿ ಹಾಕುತ್ತಿರುವುದು ಬರೀ ಬಿಸಿ ಮತ್ತು ತಣ್ಣಗಿನದು?

ಮಧ್ಯಾಹ್ನದ ಸೂಪಿಗೆ ಅವಳು ಉಪ್ಪು ಹಾಕಲಿಲ್ಲ. ಎದುರಿಗೆ ಕುಳಿತು, ಮುಖವನ್ನು ಇಸ್ತ್ರಿ ಮಾಡಿದ ಹಾಗೆ ಇಟ್ಟುಕೊಂಡು, ತನ್ನ ಪಾಲಿನದನ್ನು ಚಮಚ ಚಮಚವಾಗಿ ನುಂಗಿದಳು. ಮೇಷ್ಟ್ರು ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದರು.

"ಇವತ್ತು ಚೆನ್ನಾಗಿದೆ," ಎಂದರು.

ಹೇಳಬಹುದಿತ್ತು. ಆದರೆ ಹೇಳುವುದಾದರೆ ಎರಡನ್ನೂ ಹೇಳಬೇಕಿತ್ತು: ನಾಯಿಯನ್ನು ಸಾಯಿಸುತ್ತಿರುವುದು ನಿಮ್ಮ ಕೈ, ಅದು ನಿಮ್ಮ ನಾಲಿಗೆಗೆ ತಿಳಿಯುತ್ತಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ದಾರಿ ಇರಲಿಲ್ಲ. ಹೇಳಿದರೆ ಆ ಮನುಷ್ಯ ಮತ್ತೆ ಕಿಟಕಿಯ ಕುರ್ಚಿಗೆ ಹೋಗಿ ಕೂರುವುದು, ಮತ್ತೆ ಹೂಂ. ಹೇಳದಿದ್ದರೆ ರಸ್ಕು. ಅವಳು ಯೋಚಿಸಿ ಯೋಚಿಸಿ ಹೊಲಿಗೆಯವರು ಮಾಡುವುದನ್ನೇ ಮಾಡಿದಳು, ಹರಿದದ್ದು ಕಾಣದ ಹಾಗೆ ಒಳಗಿನಿಂದ ಒಂದು ತೇಪೆ. ಅಂದಿನ ಟ್ರೇಯ ಬಿಸ್ಕತ್ತನ್ನೂ ಅವರ ಕಣ್ಣು ತಪ್ಪಿಸಿ ಚಿಂದಿಚೀಲಕ್ಕೆ ಸುರಿದಳು. ಮತ್ತೆ ಹಿಟ್ಟು ಕಲೆಸುವ ದಿನ ಬೆಳಿಗ್ಗೆ ಉಪ್ಪಿನ ಜಾಡಿಯನ್ನು ತೆಗೆದು ಗುಂಡಿಗಳ ಡಬ್ಬಿಯ ಹಿಂದೆ ಇಟ್ಟಳು.

ಆ ದಿನ ಮೇಷ್ಟ್ರು ಕನ್ನಡಕದ ಅಂಗಡಿಯವನನ್ನು ಬೈಯುತ್ತಿದ್ದರು.

"ಹಳೇ ಚಿಮಣಿನ ಹಾಗೇ ಬಿಟ್ಟಿದ್ದಾನೆ ಕಣೇ. ಕೆಳಗೆ ಕನ್ನಡಕ, ಮೇಲೆ ಚಿಮಣಿ. ನೋಡಿದವರು ಏನಂದ್ಕೋಬೇಕು? ಕನ್ನಡಕನ ಬೇಯಿಸಿ..."

ಮಾತು ಅಲ್ಲಿಗೆ ನಿಂತಿತು. ಟೈಲರಮ್ಮ ತಲೆಯೆತ್ತಲಿಲ್ಲ. ಯಂತ್ರದ ಕಾಲುಮಣೆಯನ್ನು ತುಳಿಯುತ್ತಲೇ ಇದ್ದಳು. ಬಟ್ಟೆ ಯಾವಾಗಲೋ ಸೂಜಿಯ ಕೆಳಗಿನಿಂದ ದಾಟಿ ಹೋಗಿತ್ತು.

"ಇಲ್ಲಿದ್ದ ಜಾಡಿ ಎಲ್ಲಿ?"

"ಯಾವುದು?"

"ಉಪ್ಪಿಂದು."

"ಯಾಕೆ, ಬೇಕಿತ್ತಾ?" ಎಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬೇರೆ ಏನನ್ನಾದರೂ ಅನ್ನಬಹುದಿತ್ತು.

ಅವಳು ಎದ್ದು ಬಾಗಿಲಿಗೆ ಬಂದಾಗ ಮೇಷ್ಟ್ರು ಶೆಲ್ಫಿನ ಮುಂದೆ ಹಾಗೇ ನಿಂತಿದ್ದರು. ಬಲಗೈ ಇನ್ನೂ ಜಾಡಿ ಇದ್ದ ಎತ್ತರದಲ್ಲಿ ಗಾಳಿಯಲ್ಲಿತ್ತು, ಕಿರುಬೆರಳು ಮುಚ್ಚಳ ಸರಿಸಲು ಚಾಚಿಕೊಂಡಿತ್ತು. ಅವರು ಅದನ್ನು ಬೇರೆ ಯಾರದೋ ಕೈಯೆನ್ನುವ ಹಾಗೆ ನೋಡುತ್ತಿದ್ದರು.

"ಬೇಕಿರಲಿಲ್ಲ," ಎಂದರು ಕೊನೆಗೆ.

ಕೈಯನ್ನು ಏಪ್ರನ್ನಿಗೆ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಡಬ್ಬಿ ತೆರೆದು ನೋಡಿದರು, ಖಾಲಿ. ಟೈಲರಮ್ಮ ಒಳಗೆ ಹೋಗಿ ಚಿಂದಿಚೀಲದಿಂದ ಒಂದು ಬಿಸ್ಕತ್ತು ತಂದು ಅದಕ್ಕೆ ಅಂಟಿದ್ದ ನೂಲನ್ನು ಬಿಡಿಸಿ ಕೊಟ್ಟಳು. ಚಿಂದಿಚೀಲಕ್ಕೆ ಅದು ಹೋದದ್ದೇಕೆ ಎಂದು ಅವರು ಕೇಳಲಿಲ್ಲ. ಅರ್ಧ ಮುರಿದು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಉಳಿದರ್ಧವನ್ನು ಅವಳ ಕಡೆ ಚಾಚಿದರು.

"ತಿನ್ನು."

ಅವಳು ತಿಂದಳು. ಅವರು ನೋಡುತ್ತಿದ್ದರು.

"ಉಪ್ಪು?" ಎಂದರು.

ಈ ಪ್ರಶ್ನೆಯನ್ನು ಮದುವೆಯಾದಾಗಿನಿಂದ ಕೇಳುತ್ತ ಬಂದವಳು ಅವಳು, ಉತ್ತರ ಹೇಳುತ್ತ ಬಂದವರು ಅವರು. ಅವಳು ನುಂಗಿದಳು. ಹೊಸ್ತಿಲಲ್ಲಿ ರಸ್ಕು ಮಗ್ಗುಲು ಬದಲಿಸಲು ನೋಡಿ ಆಗದೆ ಮೊದಲಿನ ಹಾಗೇ ಮಲಗಿತು.

"ಸರಿಯಾಗಿದೆ," ಎಂದಳು.

ಮೇಷ್ಟ್ರು ತರಕಾರಿಯ ಬುಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಬೇಕರಿಯಲ್ಲಿದ್ದಾಗ ಅವರಿಗೆ ಯಾರಾದರೂ ಆ ಮಾತು ಹೇಳಿದ್ದರೆ ದಿನವಿಡೀ ಖುಷಿಯಾಗಿರುತ್ತಿದ್ದರು.

"ಯಾವಾಗಿಂದ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ. ಒಂದೇ ದಿನ ಹೋಗಿದ್ರೆ ಗೊತ್ತಾಗ್ತಿತ್ತು. ಮೊದಲು ವಾಸನೆ ಮಂಕಾಯ್ತು. ಶೀತ ಅಂದ್ಕೊಂಡೆ. ಆಮೇಲೆ ಬೇಕರಿಯೇ ಹೋಯ್ತಲ್ಲ, ಅದರ ಗಲಾಟೆಯಲ್ಲಿ ಇದನ್ನ ಯಾರು ನೋಡ್ತಾರೆ."

"ಡಾಕ್ಟರಿಗೆ ತೋರಿಸಬಹುದಿತ್ತಲ್ಲ."

"ಏನಂತ? ಭಟ್ಟಿ ಮೇಷ್ಟ್ರಿಗೆ ರುಚಿ ಗೊತ್ತಾಗಲ್ಲ ಅಂತ?"

"ಮತ್ತೆ ನನ್ನ ಅಡುಗೆ? ದಿನಾ ಚೆನ್ನಾಗಿದೆ, ಸಪ್ಪೆಯಾಗಿದೆ, ಖಾರ ಜಾಸ್ತಿ ಆಯ್ತು ಅಂತ ಹೇಳ್ತಿದ್ರಲ್ಲ?"

"ನಿನ್ನ ಮುಖ ನೋಡಿ ಹೇಳ್ತಿದ್ದೆ," ಎಂದರು ಮೇಷ್ಟ್ರು. "ನೀನು ಮೊದಲ ತುತ್ತು ತಿಂದಾಗ ಗೊತ್ತಾಗುತ್ತೆ. ಸಪ್ಪೆ ಆದ್ರೆ ಹುಬ್ಬು ಹೀಗಾಗುತ್ತೆ. ಮೊನ್ನೆ ಸೂಪಿನ ದಿನ ಏನೂ ಕಾಣಲಿಲ್ಲ. ಸರಿ ಇರಬೇಕು ಅಂದ್ಕೊಂಡೆ."

ಟೈಲರಮ್ಮ ಸಿಂಕಿನ ಕಡೆ ತಿರುಗಿ ತೊಳೆದಿಟ್ಟ ಪಾತ್ರೆಯನ್ನು ಇನ್ನೊಮ್ಮೆ ತೊಳೆದಳು.

ಮಧ್ಯಾಹ್ನ ಮೇಷ್ಟ್ರು ಅಂಗಿ ಬದಲಿಸಿ, ಮೇಜಿನ ಮೂಲೆಯಲ್ಲಿ ಇನ್ನೂ ಬಿದ್ದಿದ್ದ ಕಡಲೆಕಾಯಿಯ ಪೊಟ್ಟಣವನ್ನು ಹಿಡಿದು ಮೇಲಿನ ಮನೆಗೆ ಹೋದರು. ಇವರೇನೆಂದರೋ, ಅವರೇನೆಂದರೋ, ಕೆಳಗೆ ಕೇಳಿಸಲಿಲ್ಲ. ಕುರ್ಚಿ ಎಳೆದ ಸದ್ದೂ ಬರಲಿಲ್ಲ. ನಿಂತುಕೊಂಡೇ ಮಾತಾಡಿರಬೇಕು. ಇಳಿದು ಬಂದಾಗ ಪೊಟ್ಟಣ ಕೈಯಲ್ಲಿರಲಿಲ್ಲ.

"ಬರ್ತಾರಂತಾ?"

"ಬರ್ತೀನಿ ಅಂದ್ರು. ಯಾವತ್ತು ಅಂತ ಹೇಳಲಿಲ್ಲ."

ಕಲೆಸಿ ಬಿಟ್ಟಿದ್ದ ಹಿಟ್ಟಿನ ಮೇಲೆ ಅಷ್ಟರಲ್ಲಿ ಪದರ ಕಟ್ಟಿತ್ತು. ಮೇಷ್ಟ್ರು ಅದನ್ನು ತೆಗೆದು ಬದಿಗಿಟ್ಟು, ಬೋಗುಣಿಯನ್ನು ಹೆಂಡತಿಯ ಮುಂದೆ ಸರಿಸಿ, ಏಪ್ರನ್ ಬಿಚ್ಚಿ ಅವಳ ಕೊರಳಿಗೆ ಹಾಕಿದರು. ಹಿಂದಿನ ಗಂಟನ್ನು ತಾವೇ ಕಟ್ಟಿದರು.

"ನನಗೆ ಬರಲ್ಲ ರೀ, ನಿಮ್ಮ ಹಾಗೆ."

"ನನ್ನ ಹಾಗೆ ಬರೋದು ಬೇಡ."

ಅವರು ಸ್ಟೂಲಿನ ಮೇಲೆ ಕುಳಿತು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು, ಪೆಟ್ಟು ತಿನ್ನುವ ಭಯಕ್ಕೆ ಮಕ್ಕಳು ಕೂರುವ ಹಾಗೆ. "ಅಂಗೈಯ ಬುಡದಿಂದ ಒತ್ತು, ಬೆರಳಿನಿಂದ ಬೇಡ. ನೀರು ಸಾಕು. ಮಗುಚು," ಎನ್ನುತ್ತಿದ್ದರು. ಅವಳು ತಪ್ಪಿದಾಗಲೆಲ್ಲ ತೊಡೆಯ ಕೆಳಗೆ ಬೆರಳುಗಳು ಅಲುಗಾಡುವುದು ಪ್ಯಾಂಟಿನ ಮೇಲಿನಿಂದಲೇ ಕಾಣುತ್ತಿತ್ತು. ಹಿಟ್ಟು ಹದಕ್ಕೆ ಬಂದು ಬೋಗುಣಿಯ ಅಂಚನ್ನು ಬಿಟ್ಟ ಕ್ಷಣದಲ್ಲಿ ಅವರು ಇನ್ನಷ್ಟು ಗಟ್ಟಿಯಾಗಿ ಅದುಮಿ ಕುಳಿತರು.

ಚೌಕಗಳು ವಕ್ರವಾದವು. ಒವನ್ನಿನಿಂದ ಟ್ರೇ ಇಳಿದಾಗ ಮೇಷ್ಟ್ರು ಒಂದನ್ನು ಮುರಿದು ಸದ್ದು ಕೇಳಿದರು. ಒಂದು ತುಂಡನ್ನು ಹೆಂಡತಿಯ ಕೈಗೆ ಕೊಟ್ಟರು. ಕಂಪಿಗೆ ರಸ್ಕು ಎದ್ದಿತು. ಮೊದಲು ಮುಂಗಾಲು, ಸ್ವಲ್ಪ ಹೊತ್ತು ಬಿಟ್ಟು ಹಿಂಗಾಲು. ಭಾರದ ಹೊಟ್ಟೆಯನ್ನು ಎಳೆದುಕೊಂಡು ಬಂದು ಮೇಷ್ಟ್ರ ಪಕ್ಕದಲ್ಲಿ ಕುಳಿತಿತು.

ಟೈಲರಮ್ಮ ತುಂಡನ್ನು ಬಾಯಿಗೆ ಹಾಕಿಕೊಂಡಳು. ಗಂಡ, ನಾಯಿ, ಇಬ್ಬರೂ ಕತ್ತೆತ್ತಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ನುಂಗಲು ಅವಸರ ಮಾಡಲಿಲ್ಲ. ಮೆಲ್ಲಗೆ, ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು, ಅಗಿಯುತ್ತಲೇ ಇದ್ದಳು.